ಮೋಟಾರಿನ ತನಕ

ಅಂಬಮ್ಮನ ಕಾಲನ್ನು ಯಾರೂ ಹೊಡೆದು ಮುರಿದದ್ದಲ್ಲ. ರಜಾಕಾರರು ಬಂದರು ಎಂಬ ಒಂದು ಕೂಗಿಗೆ ಅದು ಮುರಿಯಿತು.

ಆ ವರ್ಷದ ಆಷಾಢದಲ್ಲಿ ಮಸ್ಕಿಯ ಜನ ಒಳಗೆ ಕೂತು ಉಂಡರೂ ಕಿವಿಯನ್ನು ಬೀದಿಯಲ್ಲಿಟ್ಟು ಉಣ್ಣುತ್ತಿದ್ದರು. ನಿಜಾಮರ ಪರದ ಈ ಪಡೆಯವರು ಅಲ್ಲಿ ಕಣಜ ಸುಲಿದರಂತೆ, ಇಲ್ಲಿ ಬಣವೆಗೆ ಬೆಂಕಿ ಇಟ್ಟರಂತೆ ಎಂಬ ಸುದ್ದಿ ದಿನಕ್ಕೊಂದು. ಒಂದು ಮುಂಜಾನೆ ಅಂಬಮ್ಮ ಹಿತ್ತಲಲ್ಲಿ ಸಗಣಿಯ ಕುಳ್ಳು ಆರಿಸುತ್ತಿದ್ದಾಗ ಬೀದಿಯ ಆ ತುದಿಯಿಂದ ಕೂಗು ಎದ್ದಿತು. ಗಂಡ ಶಿವಶರಣಪ್ಪ ಓಣಿಯವರ ಜೊತೆ ಗುಡ್ಡದ ಕಡೆ ಓಡಿದ. ಹೆಂಡತಿ ಅವ್ವನ ಜೊತೆಗಿದ್ದಾಳೆ ಎಂದು ಅವನ ಲೆಕ್ಕ. ಅತ್ತೆ ಬಸವಣ್ಣೆಮ್ಮ ಓಡಿದಳು. ಸೊಸೆ ಮಗನ ಜೊತೆಗಿದ್ದಾಳೆ ಎಂದು ಅವಳ ಲೆಕ್ಕ. ಹಿತ್ತಲಲ್ಲಿ ಉಳಿದವರು ಅಂಬಮ್ಮ ಮತ್ತು ಮೈದುನ ಅಮರಗುಂಡಪ್ಪ ಇಬ್ಬರೇ. ಬೀದಿಯಲ್ಲಿ ಕುದುರೆಯ ಗೊರಸು ಕೇಳಿಸಿತು.

ಜೋಳ ತುಂಬಿಡಲು ನೆಲದೊಳಗೆ ತೋಡಿದ ಹಗೇವು ಆ ಹಿತ್ತಲಲ್ಲಿತ್ತು. ಕಾಳು ತೆಗೆದು, ಗಾಳಿಯಾಡಲೆಂದು ಬಾಯಿ ತೆರೆದಿಟ್ಟಿದ್ದರು. ಅಮರಗುಂಡಪ್ಪ ಅತ್ತಿಗೆಯ ಎರಡೂ ಕೈ ಹಿಡಿದು ಅದರೊಳಗೆ ಇಳಿಬಿಟ್ಟ. ಅವನ ಕೈ ಬೆವೆತಿತ್ತೋ, ಅವಳದೇ ಬೆವೆತಿತ್ತೋ, ಹಿಡಿತ ಜಾರಿತು. ಕೆಳಗೆ ಬಿದ್ದಾಗ ತೊಡೆಯ ಎಲುಬು ಒಣ ಜಾಲಿಯ ಕೊಂಬೆಯಂತೆ ‘ಕಟ್’ ಎಂದಿತು. ಆ ಸದ್ದನ್ನು ಅವನೂ ಕೇಳಿದ. ಆದರೂ ಮೇಲಿನ ಕಲ್ಲು ಎಳೆದು, ಗೋಡೆ ಹಾರಿ ಹೋದ. ಬೇರೆ ಏನು ಮಾಡಲು ಸಾಧ್ಯವಿತ್ತೋ ಅವನಿಗೆ ಆಮೇಲೂ ಹೊಳೆಯಲಿಲ್ಲ.

ಸಂಜೆಯವರೆಗೆ ಅಂಬಮ್ಮ ಆ ಕತ್ತಲಲ್ಲಿ ಸೆರಗನ್ನು ಬಾಯಿಗೆ ತುರುಕಿಕೊಂಡು ಬಿದ್ದಿದ್ದಳು. ತಲೆಯ ಮೇಲೆ ಬೂಟುಗಳು ಓಡಾಡಿದವು. “ಇಧರ್ ದೇಖೋ” ಎಂದು ಯಾರೋ ಉರ್ದುವಿನಲ್ಲಿ ಅಂದರು. ಕಲ್ಲಿನ ಮೇಲೆ ಯಾರೋ ಕೂತು ಬೀಡಿ ಸೇದಿದರು. ಹೊಗೆಯ ವಾಸನೆ ಸಂದಿನಿಂದ ಕೆಳಗಿಳಿಯಿತು. ಕೆಮ್ಮು ಬಂದರೆ ಸತ್ತೆ ಎಂದುಕೊಂಡಳು. ಕೆಮ್ಮು ಬರಲಿಲ್ಲ.

ಸಂಜೆ ಮನೆಯವರು ಮರಳಿ ಬಂದು ಅವಳನ್ನು ಮೇಲೆತ್ತಿದರು. ಸಂತೆಕಲ್ಲೂರಿನಿಂದ ನಾಟಿ ವೈದ್ಯ ಬಂದು ಬಿದಿರಿನ ದಬ್ಬೆ ಕಟ್ಟಿದ. ಅವಳು ಮಂಚದ ಮೇಲಿದ್ದಾಗಲೇ ಹಿಂದೂಸ್ತಾನದ ಫೌಜು ಬಂತು, ನಿಜಾಮರ ಆಳಿಕೆ ಹೋಯಿತು, ರಜಾಕಾರರು ಬಟ್ಟೆ ಬದಲಿಸಿ ಓಡಿಹೋದರು. ಬೀದಿಯಲ್ಲಿ ಜನ ಬಾವುಟ ಹಿಡಿದು ಕುಣಿದರು. ಆಮೇಲೆ ಕೆಲವು ದಿನ ಬೇರೆ ರೀತಿಯ ಕೂಗುಗಳು ಕೇಳಿಸಿದವು. ಈ ಸಲ ಓಡಿದವರು ಮುಸಲ್ಮಾನರ ಓಣಿಯವರು. ಆ ಕೂಗುಗಳ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ವೈದ್ಯ ದಬ್ಬೆ ಬಿಚ್ಚಿ, “ಎಲುಬು ಕೂಡೇತಿ, ಏಳವ್ವ” ಎಂದ. ಅಂಬಮ್ಮ ಏಳಲಿಲ್ಲ.

ನೋವಿಗಿಂತ ಅವಳನ್ನು ಕಾಡಿದ್ದು ಆ ಸದ್ದು. ಪಾದ ನೆಲಕ್ಕೆ ತಾಗಿತೋ ಇಲ್ಲವೋ, ಕಿವಿಯೊಳಗೆ ‘ಕಟ್’ ಎನ್ನುತ್ತಿತ್ತು. ಮೈಯೆಲ್ಲ ಬೆವರಿ, ಕಾಲು ಮೇಲೆಳೆದುಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ತೊಡೆ ಕರಗಿ ತೋಳಿನಷ್ಟಾಯಿತು. ಮೊಣಕಾಲು ಮಡಚುವುದನ್ನೇ ಮರೆಯಿತು. ದೀಪಾವಳಿ ಹೋದ ಮೇಲೆ ಶಿವಶರಣಪ್ಪ ಹಟ ಹಿಡಿದು ಅವಳನ್ನು ಮಂದಿ ಒಯ್ಯುವ ಸರ್ವಿಸ್ ಮೋಟಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಲಿಂಗಸುಗೂರಿನ ದವಾಖಾನೆಗೆ ಕರೆದೊಯ್ದ.

ಅಲ್ಲಿನ ಡಾಕ್ಟರು ಕಾಲನ್ನು ಒತ್ತಿ, ಅಳೆದು, ಎತ್ತಿ ನೋಡಿದರು. “ಎಲುಬು ಗಟ್ಟಿ ಅದ. ಇನ್ನ ಇದಕ್ಕ ಔಷಧ ಇಲ್ಲ, ಕಸರತ್ತು ಮಾಡಸಬೇಕು. ಹಿಂಗ ಮಲಗಿದ್ರ ಇನ್ನೊಂದು ವರ್ಷಕ್ಕ ಎರಡೂ ಕಾಲು ಹೋಗ್ತಾವ” ಎಂದು ಪರದೆಯ ಆಚೆ ಕೈ ತೋರಿಸಿದರು. “ದಾವಲ್‌ಬೀ ಅಂತ ಅದಾಳ. ಹೈದರಾಬಾದಿನ ದೊಡ್ಡ ದವಾಖಾನಿಯೊಳಗ ಇದನ್ನ ಕಲತು ಬಂದಾಳ. ಆಕಿ ನಡಸ್ತಾಳ.”

ಪರದೆಯ ಆಚೆಯಿಂದ, “ಆಯಿಯೇ, ಅಂದರ್ ಆಯಿಯೇ” ಎಂದು ಒಳಗೆ ಕರೆಯಿತು ಒಂದು ದನಿ.

ಅಂಬಮ್ಮನ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡವು. ಗಂಡನ ಅಂಗಿಯನ್ನು ಹಿಡಿದವಳು ಬಿಡಲಿಲ್ಲ. ಬೀಡಿಯ ವಾಸನೆ ಇಲ್ಲದ ಆ ಕೋಣೆಯಲ್ಲಿ ಅವಳ ಮೂಗಿಗೆ ಬೀಡಿಯ ವಾಸನೆ ಬಂತು.

ಪರದೆ ಸರಿಸಿ ಹೊರಗೆ ಬಂದವಳು ಬಿಳಿ ಸೀರೆಯ ಎತ್ತರದ ಹೆಂಗಸು. ಕೆನ್ನೆಯ ಮೇಲೆ ಸಿಡುಬಿನ ಕಲೆ, ಮುಂಗೈ ಗಂಡಸರ ಹಾಗೆ ಗಟ್ಟಿ. ಅಂಬಮ್ಮನ ಮುಖ ನೋಡಿದವಳಿಗೆ ಏನು ತಿಳಿಯಿತೋ, ಆ ಗಳಿಗೆಯಿಂದ ಅವಳ ಮುಂದೆ ಉರ್ದು ಆಡಲಿಲ್ಲ.

“ನಾ ಮುದಗಲ್ಲಿನಾಕಿ ಅಕ್ಕಾರ, ನಿಮ್ಮಂಗ ಕನ್ನಡ ಬರ್ತೈತಿ ನನಗ,” ಎಂದಳು. “ಇದು ಯಾರ ಕಾಲು?”

“ನಂದು.”

“ಹಂಗಾರ ನೀವ ಹೇಳ್ರಿ ಅದಕ್ಕ, ಕೆಳಗ ಒತ್ತು ಅಂತ. ನಾ ಹೇಳಿದ್ರ ಕೇಳಂಗಿಲ್ಲ ಅದು.”

ಮೊಣಕಾಲಿನ ಕೆಳಗೆ ಸುತ್ತಿದ ಕಂಬಳಿ ಇಟ್ಟು, ಅದನ್ನು ಒತ್ತಲು ಹೇಳಿದಳು. ಅಂಬಮ್ಮ ಕಣ್ಣು ಮುಚ್ಚಿ ಒತ್ತಿದಳು. ತೊಡೆಯೊಳಗೆ ಎಲ್ಲೋ ಒಂದು ನರ ಮೀನಿನ ಹಾಗೆ ಮಿಸುಕಿತು. ದಾವಲ್‌ಬೀ ಅದರ ಮೇಲೆ ಬೆರಳಿಟ್ಟು, “ಇಲ್ಲೇ ಐತಿ ನೋಡ್ರಿ. ಸತ್ತಿಲ್ಲ, ಮಲಗೇತಿ,” ಎಂದಳು.

ಲಿಂಗಸುಗೂರಿನ ಬೀಗರ ಮನೆಯಲ್ಲಿ ಇಳಿದುಕೊಂಡು ಕೆಲವು ವಾರ ಹೀಗೇ ನಡೆಯಿತು. ಬಿಸಿ ಮರಳಿನ ಚೀಲ ಇಡುವುದು, ತಿಕ್ಕುವುದು, ಮಂಚದ ಅಂಚಿನಿಂದ ಕಾಲು ಇಳಿಬಿಟ್ಟು ತೂಗುವುದು. ಅಲ್ಲಿಯ ತನಕ ಅಂಬಮ್ಮ ತಾಳಿಕೊಂಡಳು. ಕೋಣೆಯ ನಡುವೆ ಸೊಂಟದೆತ್ತರಕ್ಕೆ ಜೋಡಿಸಿದ ಎರಡು ಕಟ್ಟಿಗೆಯ ಸರಳುಗಳಿದ್ದವು. ಒಂದು ದಿನ ಅವುಗಳ ನಡುವೆ ನಿಲ್ಲಿಸಿ ದಾವಲ್‌ಬೀ, “ಈಗ ಭಾರ ಹಾಕ್ರಿ,” ಎಂದಾಗ ಅವಳು ಹಾಕಿದಳು. ಮೊಣಕಾಲು ಕುಸಿಯಿತು. ನೆಲ ಮುಟ್ಟುವ ಮೊದಲೇ ದಾವಲ್‌ಬೀ ಅವಳನ್ನು ಕಂಕುಳಲ್ಲಿ ಕೈ ಹಾಕಿ ಹಿಡಿದಳು. ಏನೂ ಆಗಿರಲಿಲ್ಲ. ಆದರೆ ಅಂಬಮ್ಮ ಕಿರುಚಿದ್ದು ಇಡೀ ದವಾಖಾನೆಗೆ ಕೇಳಿಸಿತ್ತು. ಅದೇ ದಿನ ಸಂಜೆ ಅವಳು ಗಂಡನ ಕಾಲು ಹಿಡಿದು ಅತ್ತಳು. “ನನ್ನ ಮನಿಗೆ ಒಯ್ರಿ. ಹಿಂಗ ಇರ್ತೀನಿ ನಾ. ನಡ್ಯಾದು ಬ್ಯಾಡ ನನಗ.”

ಶಿವಶರಣಪ್ಪ ಸೋತ. ಮಸ್ಕಿಗೆ ಮರಳಿದರು.

ಆ ವಾರ ಕಳೆದು ಸಂತೆಯ ದಿನ ಮಧ್ಯಾಹ್ನ ಬಾಗಿಲಲ್ಲಿ ಬಿಳಿ ಸೀರೆ ಕಂಡಿತು. ಮುಸಲ್ಮಾನರ ಓಣಿಯಲ್ಲಿ ದಾವಲ್‌ಬೀಯ ಚಿಕ್ಕಮ್ಮ ಪೀರ್‌ಬೀ ಹಾಸಿಗೆ ಹಿಡಿದಿದ್ದಳಂತೆ. ಅವಳನ್ನು ನೋಡಲು ಬಂದವಳು ಡಾಕ್ಟರನ್ನು ಕೇಳಿಕೊಂಡೇ ಈ ಕಡೆ ಹಾಯ್ದಿದ್ದಳು.

ಬಸವಣ್ಣೆಮ್ಮ ಬಾಗಿಲಿಗೆ ಅಡ್ಡ ನಿಂತು, “ಲಿಂಗಪೂಜಿ ಆಗೋ ಮನಿ ಇದು,” ಎಂದಳು.

“ಪಡಸಾಲಿ ದಾಟಂಗಿಲ್ಲವ್ವ ನಾ. ಆಕಿ ಮಂಚ ಪಡಸಾಲಿಗೆ ತರ್ರಿ,” ಎಂದಳು ದಾವಲ್‌ಬೀ.

ಮಂಚ ಪಡಸಾಲೆಗೆ ಬಂತು. ಅಂದಿನಿಂದ ಪ್ರತಿ ಸಂತೆಗೂ ಅವಳು ಬಂದಳು. ಮುದುಕಿ ಅವಳಿಗೆ ಮಜ್ಜಿಗೆ ಕೊಡುತ್ತಿದ್ದಳು, ಬೇರೆ ತಂಬಿಗೆಯಲ್ಲಿ. ದಾವಲ್‌ಬೀ ಅದನ್ನು ತಾನೇ ತೊಳೆದು ಮೂಲೆಗೆ ಬೋರಲು ಹಾಕುತ್ತಿದ್ದಳು.

ಮಂಚದಿಂದ ಕಂಬದ ತನಕ, ಆಮೇಲೆ ಈ ಕಂಬದಿಂದ ಆ ಕಂಬದ ತನಕ. ಒಳ್ಳೆಯ ಕಾಲಿನ ಕಡೆಯ ಕೈಗೆ ಕೋಲು ಕೊಟ್ಟಳು. “ಕೋಲು ಮುಂದ. ಮುರಿದ ಕಾಲು ಅದರ ಸಂಗಾಟ. ಹಿಮ್ಮಡ ಮೊದಲು ಊರ್ರಿ. ಆಮ್ಯಾಗ ಗಟ್ಟಿ ಕಾಲು.” ಪ್ರತಿ ಹೆಜ್ಜೆಗೂ ಅಂಬಮ್ಮನಿಗೆ ಹೆದರಿಕೆ ಹೊಸದಾಗಿಯೇ ಬರುತ್ತಿತ್ತು. ನಿನ್ನೆ ಬೀಳಲಿಲ್ಲ ಎಂಬುದು ಇವತ್ತಿಗೆ ಧೈರ್ಯ ಕೊಡುತ್ತಿರಲಿಲ್ಲ. ಬೆವರು ಒರೆಸಿಕೊಳ್ಳುತ್ತ ನಡೆದಳು. ಬಾಗಿಲ ಹತ್ತಿರ ಬಂದಾಗ ಮಾತ್ರ ಎರಡೂ ಕಾಲು ನೆಲಕ್ಕೆ ಅಂಟುತ್ತಿದ್ದವು. ಹೊಸ್ತಿಲ ಆಚೆ ಆ ಕುದುರೆಗಳು ಬಂದ ಬೀದಿ ಇತ್ತು.

“ಹೊಸ್ತಿಲ ದಾಟ್ರಿ ಅಕ್ಕಾರ, ಒಂದ ಸಲ.”

“ಬ್ಯಾಡ.”

“ಬರೇ ಹೊರಗ ಹೋಗಿ ಒಳಗ ಬರ್ರಿ.”

“ಬ್ಯಾಡಂದ್ನಲ್ಲ, ನರ್ಸಬಾಯಿ! ನಿನಗೇನ ಗೊತ್ತು? ನಿನಗ ಹೆದರಿಕಿ ಅಂದ್ರ ಏನಂತ ಗೊತ್ತೈತೇನು?”

ದಾವಲ್‌ಬೀ ಅವಳನ್ನು ಮಂಚಕ್ಕೆ ಕರೆತಂದಳು. ಅವಳ ಕಾಲನ್ನು ಮಡಿಲಲ್ಲಿಟ್ಟುಕೊಂಡು ತಿಕ್ಕತೊಡಗಿದಳು. ತಿಕ್ಕುತ್ತಲೇ, ತಲೆ ಎತ್ತದೆ ಹೇಳಿದಳು. “ನನ್ನ ಗಂಡ ಜಿಲಾನಿಸಾಬ್ ನಿಜಾಮರ ಪೊಲೀಸಿನೊಳಗ ಜವಾನ ಇದ್ದ. ಫೌಜು ಬಂದ ಮ್ಯಾಲೆ ಹಿಡದು ಒಯ್ದ್ರು. ಗುಲಬರ್ಗಾ ಜೇಲಿನ್ಯಾಗ ಅದಾನ ಅಂತಾರ ಕೆಲವರು. ಇಲ್ಲ ಅಂತಾರ ಕೆಲವರು. ಲಿಂಗಸುಗೂರಿನ್ಯಾಗ ಮೋಟಾರ ಹತ್ತೂವಾಗ ಬುರ್ಖಾ ತಗದು ಚೀಲದಾಗ ಇಡ್ತೀನಿ. ಸಣ್ಣಾಕಿ ಇದ್ದಾಗಿಂದ ಹಾಕ್ಕೊಂಡಿದ್ದು. ಈಗ ಅದಿಲ್ಲದ ಬೀದ್ಯಾಗ ನಿಂತ್ರ ಮೈಮ್ಯಾಲ ಬಟ್ಟಿನ ಇಲ್ಲದಂಗ ಆಗ್ತೈತಿ. ಹಾಕ್ಕೊಂಡ್ರ ಯಾರರ ನೋಡ್ತಾರ ಅಂತ ಜೀವ ಹೋಗ್ತೈತಿ.”

“ಮತ್ತ ಯಾಕ ಬರ್ತೀ?” ಎಂದಳು ಅಂಬಮ್ಮ.

“ಚಿಗವ್ವ ಅದಾಳಲ್ರಿ. ನೀವೂ ಅದೀರಿ.”

ಎಳ್ಳಮಾಸಿ ಹಬ್ಬ ಮುಗಿದ ಮೇಲೆ ಅಮರಗುಂಡಪ್ಪ ಮನೆಗೆ ಬಂದ. ಅತ್ತಿಗೆಯನ್ನು ಹಗೇವಿನಿಂದ ಎತ್ತಿದ ಮರುದಿನವೇ ಅವನು ತುಂಗಭದ್ರೆಯ ಆಚೆ ಹೋರಾಟಗಾರರ ಕ್ಯಾಂಪು ಸೇರಿದ್ದ. ಅಲ್ಲಿ ಅವನ ಜೊತೆಗಾರನೊಬ್ಬ ಗುಂಡು ತಗುಲಿ ಸತ್ತಿದ್ದ. ಹೋದವನು ಮೆತ್ತನೆಯ ಹುಡುಗ, ಬಂದವನು ಕಣ್ಣು ಕೆಂಪಾದ ಗಂಡಸು. ಅತ್ತಿಗೆಯ ಕಾಲಿನ ಕಡೆ ಅವನು ಒಮ್ಮೆಯೂ ನೋಡಲಿಲ್ಲ. ಆದರೆ ಆ ಕಾಲನ್ನು ಯಾರು ತಿಕ್ಕುತ್ತಾರೆ ಎಂದು ತಿಳಿದಾಗ ಊಟದ ತಾಟನ್ನು ಎತ್ತಿ ಅಂಗಳಕ್ಕೆ ಎಸೆದ.

“ಯಾರು ಕಾಲು ಮುರದ್ರೋ ಅವರ ಕೈಲೇ ಕಾಲು ಒತ್ತಸ್ಕೊಳ್ಳಾಕತ್ತೀರೇನು ಅತ್ತಿಗೆಮ್ಮ?”

ಕಾಲು ಮುರಿದ ಕೈ ಯಾವುದೆಂದು ಅಂಬಮ್ಮನ ಬಾಯಿಗೆ ಬಂತು. ಅವಳು ನುಂಗಿಕೊಂಡಳು. ಆ ಕಣ್ಣು ಕಂಡ ಅವಳಿಗೆ ಈಗ ಅವನೆಂದರೂ ಹೆದರಿಕೆ.

ಮುಂದಿನ ಸಂತೆಗೆ ಶಿವಶರಣಪ್ಪ ಎತ್ತು ನೋಡಲು ಸಿಂಧನೂರಿಗೆ ಹೋಗಿದ್ದ. ದಾವಲ್‌ಬೀ ಬಂದಳು, ಕಸರತ್ತು ಮುಗಿಯಿತು. ಹೊರಡಲು ಅವಳು ಚೀಲ ಎತ್ತಿಕೊಳ್ಳುವಾಗ ಬಸವಣ್ಣೆಮ್ಮ ಬೀದಿಯಿಂದ ಒಳಗೆ ಬಂದು ಬಾಗಿಲು ಹಾಕಿ ಅಗಳಿ ಇಟ್ಟಳು.

“ಎದುರು ಕಟ್ಟಿ ಮ್ಯಾಲೆ ಮಂದಿ ಕುಂತಾರ. ಕೈಯಾಗ ಬಡಿಗಿ ಅದಾವ. ಈಕಿ ರಜಾಕಾರರ ಚೀಟಿ ಒಯ್ತಾಳ, ಓಣ್ಯಾಗ ಅಡಗಿದವರಿಗೆ ಸುದ್ದಿ ಮುಟ್ಟಸ್ತಾಳ ಅಂತ ಮಾತಾಡಾಕತ್ತಾರ.” ಉಸಿರು ಎಳೆದುಕೊಂಡು, “ನಮ್ಮ ಅಮರಗುಂಡನೂ ಅಲ್ಲೇ ಅದಾನ,” ಎಂದಳು.

ದಾವಲ್‌ಬೀಯ ಮುಖದಲ್ಲಿ ರಕ್ತ ಉಳಿಯಲಿಲ್ಲ. ಕಲೆಗಳಷ್ಟೇ ಕಪ್ಪಾಗಿ ಕಂಡವು. ಚೀಲವನ್ನು ಎದೆಗೆ ಒತ್ತಿಕೊಂಡಳು. ಅದರಲ್ಲಿ ಇದ್ದದ್ದು ಮರಳಿನ ಗಂಟು, ಎಣ್ಣೆಯ ಸೀಸೆ, ಮಡಚಿದ ಬುರ್ಖಾ.

“ಹಿತ್ತಲ ಬಾಗಲಿಂದ ಕಳಸೋಣ,” ಎಂದಳು ಮುದುಕಿ.

“ಹಿತ್ತಲಿಂದ ಹೋದ್ರ ಹಳ್ಳದ ದಾರಿ,” ಎಂದಳು ಅಂಬಮ್ಮ. “ಅಲ್ಲಿ ಒಂದ ನರಪಿಳ್ಳಿ ಇರಂಗಿಲ್ಲ. ಅವರು ಅಲ್ಲೇ ಹಿಡೀತಾರ.”

“ಹಂಗಾರ ಇಲ್ಲೇ ಇರಲಿ.”

“ರಾತ್ರಿ ಆದ್ರ ಬಾಗಲಾ ಮುರೀತಾರ ಅತ್ತಿ.”

ಹೊರಗೆ ಯಾರೋ ನಕ್ಕರು. ಬಡಿಗೆಯ ತುದಿ ಕಲ್ಲಿಗೆ ಕುಟ್ಟುವ ಸದ್ದು ಬಿಟ್ಟು ಬಿಟ್ಟು ಬರುತ್ತಿತ್ತು. ಬೀದಿಯಲ್ಲಿ ಗಂಡಸರು, ಒಳಗೆ ಉಸಿರು ಹಿಡಿದ ಹೆಂಗಸರು. ಇದೆಲ್ಲ ಅಂಬಮ್ಮನಿಗೆ ಗೊತ್ತಿದ್ದದ್ದೇ. ಹೊರಗಿದ್ದವರು ಮಾತ್ರ ಈ ಸಲ ಅವಳ ಮನೆಯವರು. ಅವಳು ಕೋಲಿಗೆ ಕೈ ಚಾಚಿದಳು.

“ನಾ ಬರ್ತೀನಿ ಮೋಟಾರಿನ ತನಕ.”

ದಾವಲ್‌ಬೀ ಗಾಬರಿಯಾದಳು. “ಬ್ಯಾಡ ಅಕ್ಕಾರ! ಬೀದ್ಯಾಗ ಕಲ್ಲು ಎದ್ದಾವ, ಇಳಿಜಾರು ಐತಿ. ನಿಮ್ಮ ಕಾಲಿಗೆ ಇನ್ನಾ ಅಷ್ಟು ಸತುವು ಬಂದಿಲ್ಲ. ಬಿದ್ರ ಮತ್ತ ಮುರೀತೈತಿ.”

ಇಷ್ಟು ದಿನ ನಡೆಯಿರಿ ನಡೆಯಿರಿ ಎಂದು ಬೆನ್ನು ಹತ್ತಿದವಳ ಬಾಯಲ್ಲಿ ಮೊದಲ ಸಲ ಬೇಡ ಎಂಬ ಮಾತು. ಅದನ್ನು ಅಂಬಮ್ಮ ಕೇಳಿಸಿಕೊಂಡಳು. ಆದರೂ ಎದ್ದಳು.

“ನನ್ನ ಕೈ ಹಿಡಿ. ಬಿಡಬ್ಯಾಡ. ನೀ ಬಿಟ್ರ ನಾ ಬೀಳ್ತೀನಿ, ಅವರೆಲ್ಲ ನೋಡ್ತಿರ್ತಾರ. ಅಷ್ಟ ಸಾಕು.”

ಅಗಳಿ ತೆಗೆದವಳು ಬಸವಣ್ಣೆಮ್ಮ. ಅಗಳಿ ಕೈಯಿಂದ ಜಾರಿ ಕೆಳಗೆ ಬಿತ್ತು.

ಹೊಸ್ತಿಲ ಮೇಲೆ ಅಂಬಮ್ಮ ನಿಂತಳು. ಬಿಸಿಲು ಮುಖಕ್ಕೆ ಹೊಡೆಯಿತು. ಕಟ್ಟೆಯ ಮೇಲಿನ ಮಾತು ಒಮ್ಮೆಗೇ ನಿಂತಿತು. ಬಡಿಗೆ ಹಿಡಿದ ಗಂಡಸರು, ಎಲ್ಲರೂ ಅವಳಿಗೆ ಗೊತ್ತಿದ್ದವರೇ. ಒಬ್ಬ ಅವಳ ಮದುವೆಯಲ್ಲಿ ಹಂದರ ಹಾಕಿದವನು. ಕಣ್ಣ ಮುಂದೆ ಅವರ ಮುಖಗಳು ಕರಗಿ, ಬೂಟುಗಳಷ್ಟೇ ಉಳಿದಂತಾಯಿತು. ಅವರಾರೂ ಬೂಟು ಹಾಕಿರಲಿಲ್ಲ.

“ಹೇಳು,” ಎಂದಳು ಅಂಬಮ್ಮ ಮೆಲ್ಲಗೆ. “ಪಡಸಾಲ್ಯಾಗ ಹೇಳ್ತಿದ್ಯಲ್ಲ, ಹಂಗ ಹೇಳು.”

ದಾವಲ್‌ಬೀ ಅವಳ ಕಿವಿಗೆ ಬಾಗಿದಳು. “ಕೋಲು ಮುಂದ,” ಎಂದದ್ದು ಉಸಿರಿನ ಹಾಗೆ ಬಂತು. “ಹಿಮ್ಮಡ ಮೊದಲು.”

ಅಂಬಮ್ಮ ಬೀದಿಗೆ ಇಳಿದಳು.

ಹಾಸುಗಲ್ಲು ಒಂದಕ್ಕೊಂದು ಸಮವಿರಲಿಲ್ಲ. ಪ್ರತಿ ಕಲ್ಲೂ ಅವಳ ಪಾದವನ್ನು ಹೊರಳಿಸಲು ಕಾದಂತಿತ್ತು. ಕೋಲು, ಹಿಮ್ಮಡ, ಗಟ್ಟಿ ಕಾಲು. ತನ್ನ ಕೈ ಹಿಡಿದ ಕೈ ತಣ್ಣಗಿದೆ, ನಡುಗುತ್ತಿದೆ ಎಂದು ಅವಳಿಗೆ ಗೊತ್ತಾಯಿತು. ಅಷ್ಟು ಗಟ್ಟಿ ಮುಂಗೈ ಹೀಗೆ ನಡುಗಬಲ್ಲದು ಎಂದು ಅವಳು ಎಣಿಸಿರಲಿಲ್ಲ. ಅವರು ಕಟ್ಟೆಯ ಎದುರಿಗೆ ಬಂದಾಗ ಅಮರಗುಂಡಪ್ಪ ಕೆಳಗಿಳಿದು ದಾರಿಗೆ ಅಡ್ಡ ನಿಂತ.

“ಅತ್ತಿಗೆಮ್ಮ, ಒಳಗ ನಡೀರಿ. ಇದು ಗಂಡಸರ ಮಾತು.”

“ಮೋಟಾರಿಗೆ ಬಿಟ್ಟು ಬರ್ತೀನಿ.”

“ಆಕಿ ಕೈ ಬಿಡ್ರಿ.”

“ಬಿಟ್ರ ಬೀಳ್ತೀನಿ,” ಎಂದಳು ಅಂಬಮ್ಮ. ಅದರಲ್ಲಿ ಸುಳ್ಳಿರಲಿಲ್ಲ, ಸೆಡವೂ ಇರಲಿಲ್ಲ. “ಬೀಳಸ್ತೀಯೇನು?”

ಅವನ ಮುಖ ಸುಟ್ಟಂತಾಯಿತು. ಅವನು ಅಲ್ಲೇ ನಿಂತ. ಅವಳು ಅವನನ್ನು ಬಳಸಿ ನಡೆದಳು. ಬಳಸುವಾಗ ಕೋಲು ಅವನ ಕಾಲಿಗೆ ತಾಗಿತು.

ಇಳಿಜಾರು ಶುರುವಾಗುವಲ್ಲಿ ಹಿಂದಿನಿಂದ ಒಂದು ಮಣ್ಣಿನ ಹೆಂಟೆ ಬಂದು ಅವರ ಮುಂದೆ ಬಿದ್ದು ಪುಡಿಯಾಯಿತು. ಅಂಬಮ್ಮನ ಮೊಣಕಾಲು ಮರದಂತೆ ಸೆಟೆದುಕೊಂಡಿತು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಕಿವಿಯಲ್ಲಿ ‘ಕಟ್’ ಎಂಬ ಸದ್ದು ಮೊಳಗತೊಡಗಿತು. ಕೆಳಗೆ ಬೇವಿನ ಮರದ ಹತ್ತಿರ ಮೋಟಾರು ನಿಂತಿತ್ತು. ಡ್ರೈವರ್ ಹಾರ್ನು ಒತ್ತಿದ. ದಾವಲ್‌ಬೀ ಓಡಿದ್ದರೆ ಮುಟ್ಟಬಹುದಿತ್ತು. ಅವಳು ಒಮ್ಮೆ ಮೋಟಾರಿನ ಕಡೆ ನೋಡಿದಳು. ನೋಡಿದ್ದನ್ನು ಅಂಬಮ್ಮ ಕಂಡಳು. ಈಗ ಬಿಡುತ್ತಾಳೆ, ಈಗ ಬಿಡುತ್ತಾಳೆ ಎಂದು ಕಾದಳು.

ದಾವಲ್‌ಬೀ ಕೈ ಬಿಡದೆ ಬಗ್ಗಿ, ಆ ಬೀದಿಯ ನಡುವೆ, ಇನ್ನೊಂದು ಕೈಯನ್ನು ಅಂಬಮ್ಮನ ಮೊಣಕಾಲ ಮೇಲಿಟ್ಟಳು. “ಉಸಿರು ಬಿಡ್ರಿ ಅಕ್ಕಾರ. ಉಸಿರು ಹಿಡದ್ರ ಕಾಲು ಬರಂಗಿಲ್ಲ. ಬಿಡ್ರಿ. ಈಗ ಸಡಲಿ ಬಿಡ್ರಿ ಇದನ್ನ.” ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಲು ಅವಳಿಗೆ ಕೈ ಖಾಲಿ ಇರಲಿಲ್ಲ.

ಹಿಂದೆ ಅಮರಗುಂಡಪ್ಪ ಕೂಗಿದ್ದು ಕೇಳಿಸಿತು. “ಯಾವನಲೇ ಒಗದಾಂವ? ನಮ್ಮ ಅತ್ತಿಗಿ ಅದಾಳ ಅಲ್ಲಿ! ಮತ್ತೊಬ್ಬ ಕೈ ಎತ್ತಿದ್ರ ಕೈ ಮುರೀತೀನಿ!” ದಾವಲ್‌ಬೀಯ ಪರವಾಗಿ ಅವನು ಒಂದು ಮಾತೂ ಆಡಲಿಲ್ಲ. ಆದರೆ ಮತ್ತೆ ಹೆಂಟೆ ಬರಲಿಲ್ಲ.

ಮೊಣಕಾಲು ಸಡಿಲಿತು. ಇಳಿಜಾರಿನಲ್ಲಿ ಅವಳು ಅರ್ಧ ನಡೆದಳು, ಅರ್ಧ ಜಾರಿದಳು. ಮೋಟಾರಿನ ಬಾಗಿಲಲ್ಲಿ ದಾವಲ್‌ಬೀ ಅವಳ ಕೈಯನ್ನು ಸರಳಿಗೆ ಹಿಡಿಸಿ, ಅದು ಗಟ್ಟಿಯಾಗಿದೆಯೇ ಎಂದು ಎಳೆದು ನೋಡಿ, ಆಮೇಲೆ ತನ್ನ ಕೈ ತೆಗೆದಳು. ಒಳಗಿನ ಮಂದಿ ಕಿಟಕಿಯಿಂದ ನೋಡುತ್ತಿದ್ದರು.

“ಮನೀಗೆ ಹೆಂಗ ಹೋಗ್ತೀರಿ?” ಎಂದಳು.

ಆ ಗಳಿಗೆಯ ತನಕ ಅಂಬಮ್ಮ ಅದನ್ನು ಯೋಚಿಸಿರಲಿಲ್ಲ.

“ನೀ ಹತ್ತು,” ಎಂದಳು.

ಮೋಟಾರು ಹೋಯಿತು. ಧೂಳು ಇಳಿಯಿತು. ಅಂಬಮ್ಮ ಬೇವಿನ ಮರಕ್ಕೆ ಬೆನ್ನು ಕೊಟ್ಟು ನಿಂತು ಮೇಲೆ ನೋಡಿದಳು. ಬೀದಿ ಏರಿಕೊಂಡು ಹೋಗಿತ್ತು, ಮನೆ ಅದರ ತುದಿಯಲ್ಲಿತ್ತು. ಈಗ ಹಿಡಿಯಲು ಕೈ ಇಲ್ಲ, ಹೇಳಲು ದನಿ ಇಲ್ಲ. ಬರುವಾಗ ಎರಡು ಹೆದರಿಕೆಗಳು ಒಂದಕ್ಕೊಂದು ಆನಿಕೊಂಡು ಬಂದಿದ್ದವು. ಹೋಗುವಾಗ ಅವಳದು ಒಂದೇ, ಮತ್ತು ಅದು ಹೆಚ್ಚು ಭಾರ.

ಅಮರಗುಂಡಪ್ಪ ಬಂದು ದೂರದಲ್ಲಿ ನಿಂತ. “ಗಾಡಿ ತರಸ್ಲೇನ್ರಿ?” ಎಂದ, ನೆಲ ನೋಡುತ್ತ.

“ಬ್ಯಾಡ.”

“ಕೈ ಕೊಡ್ರಿ ಹಂಗಾರ.”

“ನೀ ನನ್ನ ಕೈ ಹಿಡೀಬ್ಯಾಡ,” ಎಂದಳು ಅವಳು.

ಅವನು ಎರಡು ಮಾರು ಹಿಂದೆ ಸರಿದ. ಅವಳು ಕೋಲು ಮುಂದಿಟ್ಟಳು. ತುಟಿಯೊಳಗೇ ಹೇಳಿಕೊಳ್ಳುತ್ತ, ನಿಂತು, ಉಸಿರು ಬಿಟ್ಟು, ಮತ್ತೆ ನಡೆದಳು. ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರೇ ಎದ್ದು ಬೇರೆ ಕಡೆ ನೋಡಿದರು, ಕೆಲವರು ಹೋದರು. ಹಂದರ ಹಾಕಿದವನು ಮಾತ್ರ ಕೂತೇ ಇದ್ದ, ಬಡಿಗೆಯನ್ನು ಕಾಲ ಸಂದಿಗೆ ಸೇರಿಸಿಕೊಂಡು. ಅವಳು ಅವನ ಮುಂದಿನಿಂದ ಹಾಯುವಾಗ ಅವಳ ಬೆನ್ನ ಚರ್ಮ ಬಿಗಿಯಿತು.

ಹೊಸ್ತಿಲು ದಾಟಿ ಪಡಸಾಲೆಯ ಕಂಬ ಹಿಡಿದಾಗಲೇ ಅವಳು ಕುಸಿದದ್ದು. ಬಸವಣ್ಣೆಮ್ಮ ಓಡಿಬಂದು ಎತ್ತಿದಳು. ಸೀರೆ ಒದ್ದೆಯಾಗಿತ್ತು. ಬೀದಿಯಲ್ಲಿ ಯಾವಾಗಲೋ ಆಗಿತ್ತು, ಅಂಬಮ್ಮನಿಗೆ ಗೊತ್ತೇ ಆಗಿರಲಿಲ್ಲ. ಅತ್ತೆ ಏನೂ ಅನ್ನದೆ ಬಚ್ಚಲಿಗೆ ಕರೆದೊಯ್ದು, ನೀರು ಹಾಕಿ, ಬೇರೆ ಸೀರೆ ಉಡಿಸಿದಳು. ಅವಳನ್ನು ಮಲಗಿಸಿದ ಮೇಲೆ ದಾವಲ್‌ಬೀ ಕುಡಿದಿಟ್ಟ ತಂಬಿಗೆಯನ್ನು ಅಂದು ತಾನೇ ತೊಳೆದಳು.

ಮುಂದಿನ ಸಂತೆಗೆ ದಾವಲ್‌ಬೀ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಪೀರ್‌ಬೀ ತೀರಿಕೊಂಡಾಗ ಮಣ್ಣಿಗೂ ಅವಳು ಬರಲಿಲ್ಲ ಎಂದು ಓಣಿಯವರು ಅಂದರು. ಬೇಸಿಗೆಯಲ್ಲಿ ಅಂಬಮ್ಮ ಗಂಡನ ಜೊತೆ ಲಿಂಗಸುಗೂರಿಗೆ ಹೋದಳು. ಮೋಟಾರನ್ನು ತಾನೇ ಹತ್ತಿ, ಕೂತು ಹೋದಳು. ದವಾಖಾನೆಯ ಆ ಕೋಣೆಯಲ್ಲಿ ಸರಳುಗಳಿಗೆ ಯಾರೋ ಒದ್ದೆ ಬಟ್ಟೆ ಒಣಹಾಕಿದ್ದರು. ಡಾಕ್ಟರು ಬದಲಾಗಿದ್ದರು. ದಾವಲ್‌ಬೀಯ ಗಂಡ ಜೇಲಿನಿಂದ ಬಿಡುಗಡೆಯಾಗಿ ಬಂದ, ಇಬ್ಬರೂ ಹೈದರಾಬಾದಿಗೆ ಹೋದರು ಎಂದಳೊಬ್ಬಳು ಆಯಾ. ಅವನು ಬರಲೇ ಇಲ್ಲ, ಅವಳೊಬ್ಬಳೇ ಹೋದಳು ಎಂದಳು ಇನ್ನೊಬ್ಬಳು. ಅಂಬಮ್ಮ ಆ ಒದ್ದೆ ಬಟ್ಟೆಗಳನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದು, ಹೊರಗೆ ಬಂದಳು.

ಕಾಲು ಸ್ವಲ್ಪ ಗಿಡ್ಡಾಗಿಯೇ ಉಳಿಯಿತು. ನಡಿಗೆ ಒಂದು ಕಡೆ ವಾಲಿತು. ಕಂಬಳಿ ಸುತ್ತಿಟ್ಟು ಒತ್ತುವುದನ್ನು, ಅಂಚಿನಿಂದ ಕಾಲು ತೂಗುವುದನ್ನು ಅವಳು ಬಿಡಲಿಲ್ಲ. ಅಮರಗುಂಡಪ್ಪನಿಗೆ ಮದುವೆಯಾಯಿತು, ಬೇರೆ ಮನೆ ಮಾಡಿದ. ಹಬ್ಬಕ್ಕೆ ಬಂದರೆ ಪಡಸಾಲೆಯಲ್ಲೇ ಕೂತು ಹೋಗುತ್ತಿದ್ದ.

ಸಿಂಧನೂರಿನ ಕಡೆ ಹೊಸ ಕಾಲುವೆಗೆ ನೆಲ ಅಳೆಯುತ್ತಿದ್ದಾರೆ ಎಂಬ ಸುದ್ದಿ ಎಲ್ಲರ ಬಾಯಲ್ಲಿದ್ದ ಒಂದು ಹಿಂಗಾರಿನಲ್ಲಿ ಅಂಬಮ್ಮ ಸಂತೆಕಲ್ಲೂರಿನ ದಾರಿಯ ಹೊಲಕ್ಕೆ ಜೋಳ ನೋಡಲು ಹೋಗಿದ್ದಳು. ಗಾಡಿ ಹೊಡೆಯುವ ಗಾಳೆಪ್ಪ ಎತ್ತುಗಳಿಗೆ ನೀರು ಕುಡಿಸಲು ಹಳ್ಳಕ್ಕೆ ಹೋದ. ಸಾಲಿನಲ್ಲಿ ನಡೆಯುವಾಗ ಅವಳ ಪಾದಕ್ಕೆ ಮುಳ್ಳು ಹೊಕ್ಕಿತು. ಕೋಲಿಗೆ ಮೈಯೆಲ್ಲ ಆನಿಸಿದಳು. ಅದು ಮಧ್ಯಕ್ಕೆ ಮುರಿಯಿತು. ಕೂತಳೋ ಬಿದ್ದಳೋ, ಕಪ್ಪು ಮಣ್ಣಿನ ಮೇಲೆ ಇದ್ದಳು. ಎಲುಬಿಗೆ ಏನೂ ಆಗಿರಲಿಲ್ಲ. ಮುಳ್ಳು ಕಿತ್ತುಕೊಂಡಳು. ಆಮೇಲೆ, ನೆಲದಿಂದ ಏಳುವುದು ಹೇಗೆಂದು ತನಗೆ ಗೊತ್ತಿಲ್ಲ ಎಂಬುದು ಹೊಳೆಯಿತು. ಮಂಚದಿಂದ ಎದ್ದಿದ್ದಳು, ಕಟ್ಟೆಯಿಂದ ಎದ್ದಿದ್ದಳು. ನೆಲದಿಂದ ಏಳುವುದನ್ನು ಕಲಿಸುವ ಮೊದಲೇ ದಾವಲ್‌ಬೀ ಹೋಗಿದ್ದಳು.

ಸುತ್ತಲೂ, ನಿಂತರೂ ಅವಳ ಕುತ್ತಿಗೆಗಿಂತ ಎತ್ತರದ ಜೋಳ. ಆಕಾಶದ ಒಂದು ತುಂಡು ಬಿಟ್ಟರೆ ಏನೂ ಕಾಣದು. ತೆನೆ ಒಂದಕ್ಕೊಂದು ಉಜ್ಜುವ ಸದ್ದು. “ಗಾಳೆಪ್ಪಾ!” ಎಂದು ಕೂಗಿದಳು. ಹಳ್ಳ ದೂರ.

ಸ್ವಲ್ಪ ಹೊತ್ತು ಹಾಗೇ ಕೂತಳು. ಆಮೇಲೆ ಗಟ್ಟಿ ಕಾಲನ್ನು ಮಡಚಿ ಕೆಳಗೆ ಸೇರಿಸಿ, ಎರಡೂ ಕೈ ಮಣ್ಣಿಗೆ ಊರಿ, ಗಿಡ್ಡ ಕಾಲನ್ನು ಹಿಂದಕ್ಕೆ ಬಿಟ್ಟು ಮೈ ಎತ್ತಿದಳು. ಮುಖ ಕೆಳಗಾಗಿ ಬಿದ್ದಳು. ಬಾಯಿಗೆ ಮಣ್ಣು ಹೋಯಿತು, ಉಗುಳಿದಳು. ಹಾಗೇ ಬಿದ್ದುಕೊಂಡೇ, ಈ ಸಲ ಕೈಗಳನ್ನು ಇನ್ನಷ್ಟು ಹತ್ತಿರ ಇಡಬೇಕು ಎಂದುಕೊಂಡಳು. ಇಟ್ಟಳು. ಕುಂಡೆ ಮೊದಲು ಮೇಲೆದ್ದಿತು, ಆಮೇಲೆ ಬೆನ್ನು. ಒಂದು ದಂಟನ್ನು ಹಿಡಿದಳು, ಅದು ಕಿತ್ತು ಬಂತು. ಇನ್ನೊಂದು ಹಿಡಿದಳು.

ಗಾಳೆಪ್ಪ ಎತ್ತು ಹೊಡೆದುಕೊಂಡು ಬಂದಾಗ ಅವಳು ಸಾಲಿನ ನಡುವೆ ನಿಂತಿದ್ದಳು. ಕೆದರಿದ ತಲೆ, ಮೂಗಿನ ಮೇಲೆ ಮಣ್ಣು, ಎರಡೂ ಕೈಯಲ್ಲಿ ಜೋಳದ ದಂಟು.

“ಏನಾತ್ರಿ ಅವ್ವಾರ? ಬಿದ್ರೇನ್ರಿ?”

“ಬಿದ್ದಿದ್ನೆಪ್ಪ,” ಎಂದಳು ಅಂಬಮ್ಮ. “ಗಾಡಿ ಇಲ್ಲಿ ತರಬ್ಯಾಡ, ಬೆಳಿ ತುಳೀತಾವ. ನಾನ ಬರ್ತೀನಿ.”